ಗಾಯದೊಳಗೆ ನಾನಿಟ್ಟ ಬಟ್ಟೆ

ನಿಮ್ಮ ಮಗುವಿನ ಗಾಯಕ್ಕೆ ಗಾಳಿ ಎಳೆಯುವ ಮೆಷಿನ್ ಹಾಕಿ, ನಿಮ್ಮನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದ್ದರೆ ಇದನ್ನು ಓದಿ. ಮೆಷಿನ್ ಹೇಗೆ ಕೆಲಸ ಮಾಡುತ್ತದೆ ಎಂದು ಡಾಕ್ಟರು ಹೇಳುತ್ತಾರೆ. ನನಗೆ ಅದು ಪೂರ್ತಿ ಗೊತ್ತಿಲ್ಲ. ನಾನು ಓದಿರುವುದು ಎರಡನೇ ಕ್ಲಾಸು. ಹೆಸರು ಚಿಕ್ಕತಾಯಮ್ಮ. ಮೊಮ್ಮಗಳ ಕಾಲು ಉಳಿಯುತ್ತದೋ, ಕತ್ತರಿಸಿ ಹಾಕುತ್ತಾರೋ ಎಂದು ಹನ್ನೆರಡು ದಿನ ಆ ಬೆಂಚಿನ ಮೇಲೂ ಮಂಚದ ಪಕ್ಕದಲ್ಲೂ ಕೂತಿದ್ದೆ. ಆ ಕಾಲಿನೊಳಗೆ ಏನಿದೆ ಎಂದು ಡಾಕ್ಟರಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಹೇಳಲಿಲ್ಲ.

ನಮ್ಮೂರು ಸುತ್ತೂರಿಗೂ ಟಿ. ನರಸೀಪುರಕ್ಕೂ ನಡುವೆ ಇದೆ. ತಾಲೂಕು ನಂಜನಗೂಡು, ಆದರೆ ಸಂತೆಗೂ ಆಸ್ಪತ್ರೆಗೂ ನಾವು ನರಸೀಪುರಕ್ಕೇ ಹೋಗುವುದು. ಹುರುಳಿ ಕಿತ್ತ ಮೇಲೆ ನಮ್ಮಲ್ಲಿ ಈಗ ಯಾರೂ ಕಣ ಮಾಡುವುದಿಲ್ಲ. ಟಾರು ರಸ್ತೆಯೇ ಕಣ. ಗಿಡವನ್ನು ರಸ್ತೆಯ ಮೇಲೆ ದಪ್ಪಗೆ ಹರಡಿದರೆ ಬಸ್ಸು, ಲಾರಿ, ಕಾರು ಅದರ ಮೇಲೆ ಓಡಿ ಸಂಜೆಯ ಹೊತ್ತಿಗೆ ಕಾಯಿ ಒಡೆದು ಕಾಳು ಕೆಳಗೆ ಬಿದ್ದಿರುತ್ತದೆ. ಪೊಲೀಸರು ಬಂದರೆ ಬೈಯುತ್ತಾರೆ, ಬೈಸಿಕೊಳ್ಳುತ್ತೇವೆ. ಕೆಲವು ಡ್ರೈವರುಗಳು ಚಕ್ರ ಜಾರುತ್ತದೆ ಎಂದು ಪಕ್ಕಕ್ಕೆ ಎಳೆದುಕೊಂಡು ಹೋಗುತ್ತಾರೆ. ಅಂಥವರನ್ನು ಕೈಬೀಸಿ ಕರೆದು ಮೇಲೆ ಹತ್ತಿಸುತ್ತೇವೆ.

ಆ ಭಾನುವಾರ ಹುರುಳಿ ಹರಡಿದ್ದು ನಾನು. ಆಡು ಬಂದರೆ ಓಡಿಸು ಎಂದು ಮೊಮ್ಮಗಳು ಮೋನಿಷಳನ್ನು ರಸ್ತೆ ಬದಿಯಲ್ಲಿ ಕೂರಿಸಿದ್ದು ನಾನು. ಅವಳಿಗೆ ಏಳು ವರ್ಷ. ಚಳಿಯಿತ್ತು. ಅವಳು ಯಾವಾಗಲೋ ಗಿಡದ ಒಳಕ್ಕೆ ನುಸುಳಿ ಬೆಚ್ಚಗೆ ಮಲಗಿದ್ದಾಳೆ. ಕಾಣದಿದ್ದಾಗ ಟೀ ಕುಡಿಯಲು ಮನೆಗೆ ಹೋಗಿದ್ದಾಳೆ ಅಂದುಕೊಂಡೆ. ಬಾಳೆಗೊನೆ ತುಂಬಿದ್ದ ಒಂದು ಗೂಡ್ಸ್ ಆಟೋ ಪಕ್ಕಕ್ಕೆ ಸರಿಯುತ್ತಿತ್ತು. ನಾನು ಕೈಬೀಸಿದೆ.

"ಮೇಲೇ ಓಗಪ್ಪ, ಏನೂ ಆಗದಿಲ್ಲ," ಅಂದೆ.

ಅವನು ನನ್ನ ಮಾತು ಕೇಳಿ ಮೇಲೆ ಹತ್ತಿಸಿದ. ಒಳಗಿಂದ ಕೂಗು ಬಂತು. ಅವನು ಬ್ರೇಕು ಒತ್ತಿದ. ಒತ್ತದಿದ್ದರೆ ಚಕ್ರ ಒಂದೇ ಸಲ ದಾಟಿ ಹೋಗುತ್ತಿತ್ತೇನೋ. ಒತ್ತಿದ್ದಕ್ಕೆ ಚಕ್ರ ಹುರುಳಿ ಗಿಡದ ಮೇಲೆ ಜಾರುತ್ತ, ಕಾಲನ್ನೂ ಸೇರಿಸಿಕೊಂಡು ಟಾರಿನ ಮೇಲೆ ಉಜ್ಜಿತು. ನಾನು ಗಿಡ ಕಿತ್ತೆಸೆದು ನೋಡಿದೆ. ಬಲಗಾಲಿನ ಚರ್ಮ ಮೊಣಕಾಲಿನ ಕೆಳಗಿಂದ ಪಾದದವರೆಗೆ ಕಾಲುಚೀಲ ಕಳಚಿದಂತೆ ಸುಲಿದು ಹಿಮ್ಮಡಿಯ ಹತ್ತಿರ ಮುದುಡಿಕೊಂಡಿತ್ತು. ಬೆಳ್ಳಗೆ ಎಲುಬು ಕಂಡಿತು. ಮೀನಖಂಡದಲ್ಲಿ ಒಂದು ತೂತು. ಅದರಿಂದ ರಕ್ತ ಎದೆಬಡಿತಕ್ಕೆ ಸರಿಯಾಗಿ ಚಿಮ್ಮುತ್ತಿತ್ತು.

ನನ್ನ ಮಗ ಮಹದೇವ ಓಡಿ ಬಂದ. ಮಗುವನ್ನು ಒಂದು ಸಲ ನೋಡಿದ, ತಿರುಗಿ ಡ್ರೈವರನ್ನು ಆಟೋದಿಂದ ಎಳೆದು ಕೆಡವಿದ. ಹುರುಳಿ ಬಡಿಯಲು ತಂದಿದ್ದ ಕೋಲಿನಲ್ಲೇ ಬಡಿದ. ಆಮೇಲೆ ಇಡೀ ಬೀದಿಯೇ ಬಂತು.

"ಕುಡ್ದವ್ನೆ ಕಣ್ಲಾ, ಮೂಸ್ ನೋಡ್ಲಾ."

"ಕುಡಿದೆ ಇದ್ರೆ ಇಂಗ್ ಓಡುಸ್ತಾನೇನ್ಲಾ? ಇಕ್ಕು ಬಾಯ್ ಮ್ಯಾಕೆ."

ಡ್ರೈವರಿಗೆ ನಲವತ್ತು ದಾಟಿತ್ತು. ಬನ್ನೂರು ಕಡೆಯವನು, ಹೆಸರು ರಾಚಪ್ಪ. ಅದು ಆಮೇಲೆ ತಿಳಿದದ್ದು. ನೆಲದಲ್ಲಿ ಬಿದ್ದುಕೊಂಡೇ ನನ್ನ ಕಡೆ ನೋಡಿ, "ಅಜ್ಜಿನೇ ಕರದ್ದು ಕಣ್ರಪ್ಪ, ಅಜ್ಜೀ, ನೀವೇ ಯೋಳಿ," ಅಂದ. ಅಷ್ಟರಲ್ಲಿ ಯಾರೋ ಬಾಯಿಗೆ ಒದ್ದರು. ಎರಡು ಹಲ್ಲು ರಸ್ತೆಯ ಮೇಲೆ ಬಿದ್ದವು. ನಾನು ಏನೂ ಹೇಳಲಿಲ್ಲ.

ನನಗೆ ರಕ್ತ ನಿಲ್ಲಿಸಬೇಕಿತ್ತು. ಅವನ ಜೇಬಿನಿಂದ ಬೀಡಿಕಟ್ಟೂ ಬೆಂಕಿಪೊಟ್ಟಣವೂ ಉದುರಿದ್ದವು. ಸೆರಗಿನ ತುದಿ ಹರಿದೆ, ಕಡ್ಡಿ ಗೀರಿ ಹಚ್ಚಿದೆ. ಬಟ್ಟೆ ಸುಟ್ಟು ಕರಿಯಾಗುವವರೆಗೆ ಕಾಯುವುದಕ್ಕೆ ಹೊತ್ತಿರಲಿಲ್ಲ. ಅರ್ಧ ಸುಟ್ಟದ್ದನ್ನು ಅಂಗೈಯಲ್ಲಿ ಹೊಸಕಿ ಆರಿಸಿ, ಎರಡು ಬೆರಳಿನಲ್ಲಿ ಆ ತೂತಿನೊಳಕ್ಕೆ ತುರುಕಿದೆ. ಬೆರಳಿನ ಗೆಣ್ಣಿನವರೆಗೆ ಒಳಕ್ಕೆ ಹೋಯಿತು. ಮಗು ಕಿರುಚಿತು, ಆಮೇಲೆ ಬಾಯಿ ತೆರೆದಿದ್ದರೂ ದನಿ ಬರಲಿಲ್ಲ. ರಕ್ತ ನಿಂತಿತು. ಎಲ್ಲರೂ ಹೊಡೆಯುವುದರಲ್ಲಿ ಇದ್ದರು. ನಾನು ಮಾಡಿದ್ದನ್ನು ಒಬ್ಬರೂ ನೋಡಲಿಲ್ಲ.

ನಮ್ಮ ಕಡೆ ಕುಡುಗೋಲು ತಾಗಿದರೆ ಮಾಡುವುದು ಅದನ್ನೇ. ನನ್ನ ಪಾದ ಒಮ್ಮೆ ಕಬ್ಬಿನ ಗದ್ದೆಯಲ್ಲಿ ಎರಡು ಸೀಳಾದಾಗ ನನ್ನವ್ವ ಬಟ್ಟೆ ಸುಟ್ಟು ಆ ಮಸಿಯನ್ನೇ ಮೆತ್ತಿದ್ದಳು. ವಾಸಿಯಾಯಿತು. ಆದರೆ ನನ್ನವ್ವ ಮೆತ್ತಿದ್ದು ಬೂದಿ. ನಾನು ತುರುಕಿದ್ದು ಬಟ್ಟೆ.

ಸೊಸೆ ಸವಿತ ಮನೆಯಿಂದ ಕಾಫಿಪುಡಿ ಡಬ್ಬವನ್ನೇ ತಂದು ಕಾಲಿನ ಮೇಲೆಲ್ಲ ಸುರಿದಳು. ಅದನ್ನು ಊರೇ ನೋಡಿತು.

ಆಂಬುಲೆನ್ಸ್ ಎಲ್ಲೋ ಇದೆ, ಬರುತ್ತದೆ ಅಂದರು. ಬರಲಿಲ್ಲ. ಬಾಳೆಗೊನೆಗಳನ್ನು ಕೆಳಗೆ ಎಸೆದು ಮಗುವನ್ನು ಅದೇ ಆಟೋಕ್ಕೆ ಹತ್ತಿಸಿದರು. ಓಡಿಸಲು ಯಾರಿಗೂ ಬರುವುದಿಲ್ಲ. ಹೊಡೆದವರೇ ರಾಚಪ್ಪನ ಕಂಕುಳಿಗೆ ಕೈಹಾಕಿ ಎತ್ತಿ ಸೀಟಿನಲ್ಲಿ ಕೂರಿಸಿ, "ಓಡುಸ್ಲಾ, ನರ್ಸೀಪುರಕ್ಕೆ ಓಡುಸ್ಲಾ," ಅಂದರು. ಒಂದು ಕಣ್ಣು ಊದಿ ಮುಚ್ಚಿತ್ತು. ಒಂದೇ ಕಣ್ಣಿನಲ್ಲಿ ಓಡಿಸಿದ. ಪಕ್ಕದಲ್ಲಿ ಕೂತ ಮಹದೇವ ಹಳ್ಳ ಬಂದಾಗಲೆಲ್ಲ ಅವನ ತಲೆಗೆ ಒಂದು ಕೊಡುತ್ತಿದ್ದ, ಮೆಲ್ಲಗೆ ಹೋದರೂ ಒಂದು ಕೊಡುತ್ತಿದ್ದ. ನಾನು ಹಿಂದೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದೆ. ಆಗಲೂ ಹೇಳಬಹುದಿತ್ತು.

ನರಸೀಪುರದಲ್ಲಿ ಗಾಯ ನೋಡಿದ ಡಾಕ್ಟರು, "ಕಾಫಿಪುಡಿ ಹಾಕಿದ್ದು ಯಾರು?" ಅಂದರು. ಸವಿತ ತಲೆ ತಗ್ಗಿಸಿದಳು. ಮಹದೇವ ಅಲ್ಲೇ, ಅಷ್ಟು ಜನರ ಎದುರಿಗೆ, ಅವಳ ಕೆನ್ನೆಗೆ ಹೊಡೆದ. ಕಿವಿಯ ಓಲೆ ಕಿತ್ತುಬಂತು.

"ಮತ್ತೇನಾದರೂ ಹಾಕಿದೀರಾ?" ಡಾಕ್ಟರು ಕೇಳಿದರು.

"ಇಲ್ಲ ಸಾ," ಅಂದೆ.

ಕಾಫಿಪುಡಿಗೇ ಹೆಂಡತಿಯ ಕಿವಿ ಹರಿದವನು ಬಟ್ಟೆಗೆ ನನ್ನನ್ನು ಏನು ಮಾಡುತ್ತಾನೆ ಎಂಬ ಭಯ ಒಂದು. ಇನ್ನೊಂದೂ ಇತ್ತು, ಅದನ್ನೂ ಬರೆಯುತ್ತೇನೆ. ಆ ಬಟ್ಟೆಯೇ ರಕ್ತವನ್ನು ಹಿಡಿದಿಟ್ಟಿದೆ, ಹೇಳಿದರೆ ಇವರು ಕಿತ್ತುಹಾಕುತ್ತಾರೆ, ಕಿತ್ತರೆ ಮಗು ಸಾಯುತ್ತದೆ ಎಂದು ನಾನು ನಿಜವಾಗಿ ನಂಬಿದ್ದೆ. ನಾನೇ ಬದುಕಿಸಿದ್ದೇನೆ ಎಂಬ ಜಂಬವೂ ಸ್ವಲ್ಪ ಇತ್ತು.

ಅಲ್ಲಿಂದ ಮೈಸೂರಿಗೆ ಕಳಿಸಿದರು. ಆಸ್ಪತ್ರೆಯ ಹೆಸರು ಬೇಡ. ಅಲ್ಲಿ ಮಕ್ಕಳಿಗೆ ಆಪರೇಷನ್ ಮಾಡುವ ಡಾಕ್ಟ್ರಮ್ಮ ಒಬ್ಬರಿದ್ದರು, ನನ್ನ ಭುಜದಷ್ಟು ಎತ್ತರ, ಗಂಡಸಿನ ದನಿ. ಒಳಗೆ ಕರೆದುಕೊಂಡು ಹೋಗಿ ಎರಡು ಗಂಟೆ ಗಾಯ ತೊಳೆದರು. ಹೊರಗೆ ಬಂದಾಗ ಒಂದು ತಟ್ಟೆ ತೋರಿಸಿದರು. ಹುರುಳಿ ಹೊಟ್ಟು, ಟಾರು, ಕಾಫಿಗಷ್ಟು, ಒಡೆಯದ ಎರಡು ಹುರುಳಿಕಾಯಿ. ತಟ್ಟೆಯನ್ನು ಕಣ್ಣಲ್ಲೇ ಸೋಸಿದೆ. ಬಟ್ಟೆ ಇರಲಿಲ್ಲ. ತೂತಿನ ಬಾಯಿಗೆ ರಕ್ತ ಹೆಪ್ಪುಗಟ್ಟಿ ಒಳಗಿನದು ಅವರ ಕಣ್ಣಿಗೆ ಬಿದ್ದಿರಲಿಲ್ಲವೇನೋ.

ಡಾಕ್ಟ್ರಮ್ಮ ನಮ್ಮ ಮೂವರನ್ನೂ ನಿಲ್ಲಿಸಿಕೊಂಡು ಹೇಳಿದರು. ಗಾಯಕ್ಕೆ ಮೆಷಿನ್ ಹಾಕುತ್ತೇವೆ. ಅದು ಕೀವು, ಕೆಟ್ಟ ನೀರು ಎಳೆದು ಹಾಕುತ್ತದೆ. ಒಳಗೆ ಕೆಂಪಗೆ ಮಾಂಸ ಬೆಳೆದರೆ ತೊಡೆಯ ಚರ್ಮ ತೆಗೆದು ಮುಚ್ಚುತ್ತೇವೆ. ಕೀವು ನಿಲ್ಲದೆ ಮೇಲಕ್ಕೆ ಹತ್ತಿದರೆ ಮೊಣಕಾಲಿನ ಕೆಳಗೆ ಕತ್ತರಿಸಬೇಕು, ಇಲ್ಲದಿದ್ದರೆ ಮಗುವೇ ಉಳಿಯುವುದಿಲ್ಲ.

ಸವಿತ ನೆಲದ ಮೇಲೆ ಕೂತುಬಿಟ್ಟಳು. ಮಹದೇವ, "ಆ ಡ್ರೈವರ್ ನನ್ಮಗನ್ನ ಕೊಂದಾಕ್ಬುಡ್ತೀನಿ," ಅಂದ.

"ಆಯ್ತು, ಕೊಂದು ಬನ್ನಿ," ಅಂದರು ಡಾಕ್ಟ್ರಮ್ಮ. "ಅದಕ್ಕೆ ಮುಂಚೆ ಕೆಳಗೆ ಹೋಗಿ ರಕ್ತ ಕೊಟ್ಟು ಹೋಗಿ. ಜೈಲಿಂದ ರಕ್ತ ತರ್ಸೋಕಾಗಲ್ಲ."

ಮಹದೇವ ಬಾಯಿ ಮುಚ್ಚಿಕೊಂಡು ರಕ್ತ ಕೊಡಲು ಹೋದ.

ಮೆಷಿನ್ ಬಗ್ಗೆ ನನಗೆ ಕಂಡಷ್ಟು ಹೇಳುತ್ತೇನೆ. ಗಾಯದ ಆಕಾರಕ್ಕೆ ಕತ್ತರಿಸಿದ ಕಪ್ಪು ಸ್ಪಂಜನ್ನು ಗಾಯದೊಳಗೆ ಕೂರಿಸುತ್ತಾರೆ. ಮೇಲೆ ತೆಳ್ಳಗಿನ ಪ್ಲಾಸ್ಟಿಕ್ ಹಾಳೆ ಅಂಟಿಸುತ್ತಾರೆ. ಅದರಲ್ಲಿ ಒಂದು ತೂತು, ತೂತಿಗೆ ಪೈಪು, ಪೈಪಿನ ಕೊನೆಗೆ ಡಬ್ಬಿ. ಗುಂಡಿ ಒತ್ತಿದರೆ ಸ್ಪಂಜು ಒಣಗಿದ ಹುಣಸೆಹಣ್ಣಿನಂತೆ ಸುಕ್ಕಾಗಿ ಗಾಯಕ್ಕೆ ಕಚ್ಚಿಕೊಳ್ಳುತ್ತದೆ. ಆಮೇಲೆ ಹಗಲೂ ಇರುಳೂ ಎಳೆಯುತ್ತಲೇ ಇರುತ್ತದೆ. ನಮ್ಮೂರ ಡೈರಿಯವನ ಮನೆಯಲ್ಲಿ ಹಾಲು ಕರೆಯುವ ಮೆಷಿನ್ ಇದೆ. ಹೆಚ್ಚುಕಮ್ಮಿ ಅದೇ ಸದ್ದು. ಆ ಬಟ್ಟಲು ಕೆಚ್ಚಲಿಗೆ ಸರಿಯಾಗಿ ಕೂರದಿದ್ದರೆ ಸುಯ್ ಎಂದು ಗಾಳಿ ಹೊಡೆದು ಹಸು ಒದೆಯುತ್ತದೆ. ಇಲ್ಲೂ ಹಾಳೆ ಎಲ್ಲಾದರೂ ಎದ್ದರೆ ಅದೇ ಸುಯ್. ಮೆಷಿನ್ ಕೂಗಿಕೊಳ್ಳುವ ಮೊದಲೇ ನನಗೆ ಕೇಳಿಸುತ್ತಿತ್ತು. ಹಿಮ್ಮಡಿಯ ಹತ್ತಿರ, ಬೆರಳಿನ ಸಂದಿಯಲ್ಲಿ ಹೆಚ್ಚು. ನೀವೂ ಕಿವಿ ಕೊಡಿ. ನೀವೇ ಒತ್ತಿ ಅಂಟಿಸಲು ಹೋಗಬೇಡಿ, ನರ್ಸನ್ನು ಕರೆಯಿರಿ.

ಮೂರು ದಿನಕ್ಕೊಮ್ಮೆ ಸ್ಪಂಜು ಬದಲಾಯಿಸುತ್ತಾರೆ. ಮೊದಲನೆಯ ಸಲ ಪೂರ್ತಿ ಎಚ್ಚರ ತಪ್ಪಿಸಿ ಮಾಡಿದರು. ಎರಡನೆಯ ಸಲ ಮಂಪರಿನ ಔಷಧಿ ಕೊಟ್ಟರು, ಅದು ಇವಳಿಗೆ ಅಷ್ಟಾಗಿ ಹತ್ತಲಿಲ್ಲ. ಸ್ಪಂಜಿನ ಸಣ್ಣ ಸಣ್ಣ ತೂತಿನೊಳಗೆ ಮಾಂಸ ಬೆಳೆದು ಹಿಡಿದುಕೊಂಡಿರುತ್ತದೆ. ಉಪ್ಪುನೀರು ಬಿಟ್ಟು ನೆನೆಸಿ ತೆಗೆದರೂ ಅದು ಕಿತ್ತುಕೊಂಡೇ ಬರುವುದು. ನಾನು ಭುಜ ಒತ್ತಿ ಹಿಡಿದಿದ್ದೆ, ಸವಿತ ಇನ್ನೊಂದು ಕಾಲು ಹಿಡಿದಿದ್ದಳು. ಮೋನಿಷ ನನ್ನ ಎಡಗೈ ಹೆಬ್ಬೆರಳಿನ ಬುಡಕ್ಕೆ ಕಚ್ಚಿದಳು. ಹಲ್ಲು ಒಳಕ್ಕೆ ಇಳಿಯಿತು. ಬಿಡಿಸಿಕೊಳ್ಳಲಿಲ್ಲ. ಆಮೇಲೆ ಬಾಯಿ ಬಿಟ್ಟು ನರ್ಸಿಗೆ ಬೈದಳು. ಆ ಬೈಗುಳವನ್ನೆಲ್ಲ ಅವಳು ಕಲಿತದ್ದು ನನ್ನಿಂದಲೇ.

"ಬುಡೇ ಮುಂಡೆ, ಬುಡೇ. ನಿನ್ ಕೈ ಸೇದೋಗ."

ನರ್ಸಮ್ಮ ಮಂಜುಳ ಕೊಳ್ಳೇಗಾಲದ ಕಡೆಯವಳು. ಕೈ ನಿಲ್ಲಿಸದೆ, "ಬಯ್ಯಿ ಕಂದ, ಇನ್ನೂ ಗಟ್ಟಿಯಾಗಿ ಬಯ್ಯಿ. ಉಸುರು ಐತೆ ಅಂತ ಗೊತ್ತಾಗ್ಲಿ," ಅಂದಳು. ನನ್ನ ಕೈಯಿಂದ ರಕ್ತ ಸೋರುವುದನ್ನು ನೋಡಿ, "ಅಜ್ಜಿ, ನಿಮ್ಗೂ ಒಂದು ಸಣ್ಣ ಮೆಷಿನ್ ಆಕ್ಲಾ?" ಅಂದಳು. ಸವಿತಳಿಗೆ ನಗು ಬಂದುಬಿಟ್ಟಿತು. ನಕ್ಕದ್ದಕ್ಕೆ ಆಮೇಲೆ ಹೊರಗೆ ಹೋಗಿ ಅತ್ತಳು.

ಡಬ್ಬಿಯಲ್ಲಿ ಬರುವ ನೀರು ತಿಳಿಯಾಗುತ್ತ ಹೋಗಬೇಕಂತೆ. ಪಕ್ಕದ ಮಂಚದ ಹುಡುಗಿಯದು ತಿಳಿಯಾಗುತ್ತಿತ್ತು. ಅವಳ ತಾಯಿ ಗಿರಿಜಮ್ಮ, ನಂಜನಗೂಡಿನವರು, ಗಂಡ ದೇವಸ್ಥಾನದಲ್ಲಿ ಪೂಜೆ ಮಾಡುತ್ತಾರೆ. ಮಗಳ ಬೆನ್ನಿನ ಮೇಲೆ ಕುದಿಯುವ ಸಾರಿನ ಕೊಳಗ ಮಗುಚಿತ್ತು. ಗಿರಿಜಮ್ಮ ಬೆಳಗ್ಗೆ ಎದ್ದು ಮಣಮಣ ಮಂತ್ರ ಹೇಳಿ, ಫ್ಲಾಸ್ಕಿನಿಂದ ಎರಡು ಲೋಟಕ್ಕೆ ಕಾಫಿ ಬಗ್ಗಿಸಿ ಒಂದನ್ನು ನನ್ನ ಕಡೆ ತಳ್ಳುತ್ತಿದ್ದರು, ಸಂಜೆಯೂ ಹಾಗೇ. ಮೊದಲ ದಿನ ನಾನು ಲೋಟ ಮುಟ್ಟಲಿಲ್ಲ. "ನಮ್ ಲೋಟ ನಿಮ್ಗೆ, ನಿಮ್ ಲೋಟ ನಮ್ಗೆ ಆಯ್ತದಾ?" ಅಂದೆ. "ನಮ್ಮಿಬ್ಬರ ಮಕ್ಕಳ ಕೀವೂ ಒಂದೇ ಬಕೆಟ್‌ಗೆ ಹೋಗ್ತಿದೆ, ಕಾಫಿಗೇನು ಬಂತು? ಕುಡೀರಿ," ಅಂದರು. ಕುಡಿದೆ. ಕಾಫಿಪುಡಿಯ ವಾಸನೆಗೆ ಸವಿತ ತಂದ ಡಬ್ಬ ನೆನಪಾಗುತ್ತಿತ್ತು, ಆದರೂ ದಿನಾ ಕುಡಿದೆ.

ನಮ್ಮ ಡಬ್ಬಿ ತಿಳಿಯಾಗಲಿಲ್ಲ. ಎಂಟನೆಯ ದಿನ ವಾಸನೆ ಬಂತು. ಜ್ವರ ಏರಿತು. ಇಂಜೆಕ್ಷನ್ ಬದಲಾಯಿಸಿದರು. ಮತ್ತೆ ಒಳಗೆ ಕರೆದುಕೊಂಡು ಹೋಗಿ ತೊಳೆದರು. ಎಲುಬಿನ ಸುತ್ತ ಎಲ್ಲ ಚೆನ್ನಾಗಿದೆ, ಮೀನಖಂಡದ ಒಳಗಿಂದ ಎಲ್ಲಿಂದಲೋ ಕೀವು ಬರುತ್ತಿದೆ, ಎಕ್ಸ್‌ರೇ ಫೋಟೋದಲ್ಲಿ ಏನೂ ಕಾಣುತ್ತಿಲ್ಲ ಎಂದು ಡಾಕ್ಟ್ರಮ್ಮ ಜೊತೆಯವರಿಗೆ ಹೇಳುತ್ತಿದ್ದರು. ತೂತಿನ ಬಾಯಿ ಅಷ್ಟರಲ್ಲಿ ಊದಿ ಮುಚ್ಚಿಕೊಂಡಿತ್ತು. ನಾನು ಗೋಡೆ ನೋಡಿದೆ. ಎಂಟು ದಿನ ಮುಚ್ಚಿಟ್ಟದ್ದನ್ನು ಒಂಬತ್ತನೆಯ ದಿನ ಹೇಳುವುದು ಇನ್ನೂ ಕಷ್ಟ. ಮೊದಲು ಯಾಕೆ ಹೇಳಲಿಲ್ಲ ಎನ್ನುವುದಕ್ಕೂ ಉತ್ತರ ಕೊಡಬೇಕಲ್ಲ.

ಹನ್ನೊಂದನೆಯ ದಿನ ಪೈಪಿನಲ್ಲಿ ಕರಿ ಚೂರುಗಳು ಬಂದವು. ಎಳ್ಳಿಗಿಂತ ಸಣ್ಣವು. ಕೀವಿನ ಜೊತೆ ತೇಲಿ ಬಂದು ಪೈಪಿನ ತಿರುವಿನಲ್ಲಿ ನಿಂತವು. ಮಂಜುಳ ಬೆರಳಿನಿಂದ ಪೈಪು ತಟ್ಟಿ, "ಟಾರಿರ್ಬೇಕು, ಇಲ್ಲ ಸ್ಪಂಜಿನ ಚೂರು," ಅಂದಳು. ನನಗೆ ಗೊತ್ತಾಯಿತು. ಬಟ್ಟೆ ಸುಟ್ಟ ಮಸಿಯನ್ನು ಐವತ್ತು ವರ್ಷ ಒಲೆ ಮುಂದೆ ಕೂತವಳು ಬೇರೆ ಯಾವುದೋ ಅಂದುಕೊಳ್ಳುವುದಿಲ್ಲ. ಕೂಸಿನ ಒಳಗಿಂದ ಅದನ್ನು ಮೆಷಿನ್ ಒಂದೊಂದೇ ಚೂರಾಗಿ ಎಳೆದು ನನ್ನ ಕಣ್ಣ ಮುಂದೆ ತಂದು ನಿಲ್ಲಿಸಿತ್ತು.

ಮಧ್ಯಾಹ್ನ ಗಿರಿಜಮ್ಮನನ್ನು ಕೇಳಿದೆ. "ಅಲ್ಲ ಕಣವ್ವ, ಮೈಯೊಳಗೆ ಒಂದ್ ಬಟ್ಟೆ ತುಂಡು ಉಳ್ಕಂಡ್ರೆ ಅದು ಅಂಗೇ ಕರಗೋಯ್ತದಾ?"

ಗಿರಿಜಮ್ಮ ಹೂಬತ್ತಿ ಹೊಸೆಯುತ್ತಿದ್ದವರು ಕೈ ನಿಲ್ಲಿಸಿದರು. "ಬಟ್ಟೆ ಏನು ಸಕ್ಕರೆಯೇನಮ್ಮ, ಕರಗೋಕೆ?" ಅಂದರು. ನನ್ನ ಮುಖ ನೋಡಿದರು. "ಯಾರ ಮೈಯೊಳಗೆ?"

"ಯಾರೋ ಕೇಳ್ತಿದ್ರು," ಅಂದೆ.

"ಆ ಯಾರೋ ಬೇಗ ಡಾಕ್ಟ್ರಿಗೆ ಹೇಳಿದ್ರೆ ಒಳ್ಳೇದು," ಅಂದು ಮತ್ತೆ ಬತ್ತಿ ಹೊಸೆಯತೊಡಗಿದರು. ಆ ದಿನ ಸಂಜೆಯ ಕಾಫಿಯನ್ನು ನನ್ನ ಕಡೆ ತಳ್ಳಲಿಲ್ಲ.

ಮರುದಿನ ಬೆಳಗ್ಗೆ ನಮ್ಮನ್ನು ಡಾಕ್ಟ್ರಮ್ಮನ ಕೋಣೆಗೆ ಕರೆದರು. ಮೇಜಿನ ಮೇಲೆ ಒಂದು ಕಾಗದ ಇತ್ತು. ಕೀವು ಮೊಣಕಾಲಿನ ಹತ್ತಿರ ಬಂದಿದೆ, ಇನ್ನು ಕಾಯಲು ಆಗುವುದಿಲ್ಲ, ಹನ್ನೊಂದು ಗಂಟೆಗೆ ಕತ್ತರಿಸುತ್ತೇವೆ, ತಂದೆ ಸಹಿ ಹಾಕಬೇಕು. ಮಹದೇವ ಪೆನ್ನು ತೆಗೆದುಕೊಂಡ. ಎಲ್ಲಿ ಎಂದು ಮಂಜುಳ ಬೆರಳಿಟ್ಟು ತೋರಿಸಿದಳು. ಮ ಎಂದು ಬರೆದ.

"ಬರೀಬ್ಯಾಡ ಕಣ್ಲಾ," ಅಂದೆ.

ಎಲ್ಲರೂ ನನ್ನ ಕಡೆ ತಿರುಗಿದರು.

"ಒಳಗೆ ಬಟ್ಟೆ ಐತೆ. ನಾನೇ ಇಟ್ಟಿದ್ದು. ಸುಟ್ಟು ತುರ್ಕಿದೆ. ರಕ್ತ ನಿಲ್ಲಲಿ ಅಂತ."

ಡಾಕ್ಟ್ರಮ್ಮ ಬೈಯಲಿಲ್ಲ. ಎದ್ದು ನನ್ನ ಎದುರಿಗೆ ಬಂದು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತರು. "ಎಲ್ಲಿ? ನಿಮ್ಮ ಕಾಲಲ್ಲಿ ತೋರಿಸಿ."

ಸೀರೆ ಎತ್ತಿ ನನ್ನ ಬಲಗಾಲಿನ ಮೀನಖಂಡ ತೋರಿಸಿದೆ. ಅವರು ಮಹದೇವನ ಕೈಯಿಂದ ಪೆನ್ನು ಕಿತ್ತುಕೊಂಡು ನನ್ನ ಕಾಲಿನ ಮೇಲೆ ಸುತ್ತು ಹಾಕಿದರು. "ಎಷ್ಟು ಆಳ?"

ಎರಡು ಬೆರಳು ಹಿಡಿದು ತೋರಿಸಿದೆ. "ಈ ಗೆಣ್ಣುವರ್ಗೆ."

"ಮೇಲ್ಮುಖವಾಗಿ ತುರುಕಿದ್ರಾ, ನೇರವಾಗಾ?"

"ಮೇಲ್ಮುಖ. ಮಂಡಿ ಕಡಿಕೆ."

ಆಗ ಮಹದೇವ ಹೊಡೆದ. ಒಂದಲ್ಲ. ಮೊದಲನೆಯದು ಕೆನ್ನೆಗೆ, ಎರಡನೆಯದು ಕಿವಿಯ ಮೇಲೆ, ನಾನು ಕುರ್ಚಿಯಿಂದ ಬಿದ್ದೆ. ಬಿದ್ದವಳ ಪಕ್ಕೆಗೆ ಒದ್ದ. "ಅನ್ನೆಲ್ಡ್ ದಿವ್ಸ, ಅನ್ನೆಲ್ಡ್ ದಿವ್ಸ ಸುಮ್ಗಿದ್ಯಲ್ಲೇ," ಎಂದು ಅದನ್ನೇ ಹೇಳುತ್ತಿದ್ದ. ಸೆಕ್ಯೂರಿಟಿಯವರು ಬಂದು ಅವನ ಕೈ ತಿರುಚಿ ಹಿಡಿದರು.

"ಅವರ ಕಾಲಿಗೆ ಮಾತ್ರ ಹೊಡೀಬೇಡಿ," ಅಂದರು ಡಾಕ್ಟ್ರಮ್ಮ, ಅದೇ ಗಂಡುದನಿಯಲ್ಲಿ. "ಗುರುತು ಹಾಕಿದೀನಿ. ಅದು ನನಗೆ ಬೇಕು." ನನ್ನನ್ನು ಎಬ್ಬಿಸಿ, ಕಾಲಿನ ಫೋಟೋ ತೆಗೆದುಕೊಂಡು ಒಳಗೆ ಹೋದರು.

ಆಪರೇಷನ್ ಕೋಣೆಯ ಹೊರಗೆ ಕೂತೆ. ಒಂದು ಕಿವಿ ಗುಂಯ್ ಎನ್ನುತ್ತಿತ್ತು, ಇವತ್ತಿಗೂ ಆ ಕಿವಿ ಅರ್ಧ ಕೇಳುತ್ತದೆ. ಮಹದೇವನನ್ನು ಹೊರಗೆ ಗೇಟಿನ ಹತ್ತಿರ ಕೂರಿಸಿದ್ದರು. ಸವಿತ ಬಂದು ನನ್ನ ಪಕ್ಕ ಕೂತಳು. ಹರಿದ ಕಿವಿಗೆ ಹಾಕಿದ್ದ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ.

"ಕಾಫಿಪುಡಿಗೆ ನಂಗೆ ಏಟ್ ಬಿದ್ದಾಗ ನೀವ್ ಸುಮ್ಗಿದ್ರಲ್ಲ ಅತ್ತೆ," ಅಂದಳು.

"ಊಂ. ಸುಮ್ಗಿದ್ದೆ."

"ಆ ಡ್ರೈವರ್‌ಗೆ ಬಿದ್ದಾಗ್ಲೂ?"

"ಆಗ್ಲೂವೆ. ನಾನೇ ಅವುನ್ನ ಕೈಬೀಸಿ ಕರ್ದಿದ್ದು."

ಅವಳು ಎದ್ದು ಹೋಗಲಿಲ್ಲ.

ಡಾಕ್ಟ್ರಮ್ಮ ಹೊರಗೆ ಬಂದಾಗ ಕೈಯಲ್ಲಿ ಸ್ಟೀಲಿನ ಬಟ್ಟಲಿತ್ತು. ನನ್ನ ಮೂಗಿನ ಹತ್ತಿರ ಹಿಡಿದರು. ಹೆಬ್ಬೆರಳಿನಷ್ಟು ಉದ್ದ, ಕಪ್ಪಗೆ ಊದಿಕೊಂಡ ಮುದ್ದೆ. ಒಂದು ಕೊನೆ ಸುಟ್ಟಿರಲಿಲ್ಲ. ಅಲ್ಲಿ ನನ್ನ ಸೀರೆಯ ನೀಲಿ ಅಂಚು ಹಾಗೇ ಇತ್ತು. ಸತ್ತ ಇಲಿಯ ನಾತ.

"ಇದೇನಾ?"

"ಇದೇ."

"ಇದೊಂದೇನಾ?"

"ಇದೊಂದೇ ಕಣವ್ವ. ಇನ್ನೇನೂ ಇಲ್ಲ."

"ಕಾಲು ಇವತ್ತು ತೆಗೀಲಿಲ್ಲ," ಅಂದರು. "ಇನ್ನು ಮೂರು ದಿನ ಮೆಷಿನ್ ಏನು ಹೇಳುತ್ತೋ ನೋಡೋಣ." ಕೋಣೆಗೆ ಹೋಗಿ, ಮ ಎಂದು ಬರೆದಿದ್ದ ಕಾಗದದ ಮೇಲೆ ಆ ಬಟ್ಟಲನ್ನು ಇಟ್ಟರು.

ಆ ಮೂರು ದಿನ ನಾನು ಡಬ್ಬಿಯ ಮುಂದಿನಿಂದ ಏಳಲಿಲ್ಲ. ಮೊದಲ ದಿನ ಕೀವೇ ಬಂತು. ಎರಡನೆಯ ದಿನ ಅದರಲ್ಲಿ ರಕ್ತ ಬೆರೆತಿತ್ತು, ವಾಸನೆ ತಗ್ಗಿತು. ಮೂರನೆಯ ದಿನ ಬೆಳಗ್ಗೆ ಅಕ್ಕಿ ತೊಳೆದ ಎರಡನೇ ನೀರಿನಂತೆ ಬಂತು. ಸ್ಪಂಜು ತೆಗೆದಾಗ ಒಳಗೆ ದಾಳಿಂಬೆ ಕಾಳು ಹರಡಿದಂತೆ ಕೆಂಪಗೆ ಮಾಂಸ. ನೋಡಲು ಭಯಂಕರ. ಮಂಜುಳ ಅದನ್ನು ನೋಡಿ, "ಎಷ್ಟ್ ಚೆನ್ನಾಗೈತೆ," ಅಂದಳು. ನಿಮಗೂ ಹಾಗೆ ಹೇಳುತ್ತಾರೆ. ಅಂಥದ್ದನ್ನು ನೋಡಿ ಚೆನ್ನಾಗಿದೆ ಅನ್ನುತ್ತಾರಲ್ಲ ಎಂದು ಹುಚ್ಚು ಹಿಡಿಯುತ್ತದೆ. ನಂಬಿ, ಅದು ಚೆನ್ನಾಗಿರುವುದೇ.

ಆ ದಿನ ಗಿರಿಜಮ್ಮ ಮತ್ತೆ ಲೋಟ ತಳ್ಳಿದರು.

ಆಮೇಲೆ ತೊಡೆಯಿಂದ ಚರ್ಮ ಕೆರೆದು ತೆಗೆದು ಗಾಯದ ಮೇಲೆ ಹಾಸಿದರು. ಅದರ ಮೇಲೂ ಐದು ದಿನ ಮೆಷಿನ್. ಗಾಯಕ್ಕಿಂತ ತೊಡೆಯ ಉರಿ ಹೆಚ್ಚು ಎಂದು ಮೋನಿಷ ಅರಚಿದಳು. ಯಾರೂ ಇದನ್ನು ಮೊದಲೇ ನಮಗೆ ಹೇಳಿರಲಿಲ್ಲ. ಆದ್ದರಿಂದ ನಾನು ಹೇಳುತ್ತಿದ್ದೇನೆ.

ಪೊಲೀಸರು ಕೇಸಿಗೆ ಹೇಳಿಕೆ ಬರೆದುಕೊಳ್ಳಲು ಬಂದಾಗ ಮಹದೇವ ನನ್ನ ಹಿಂದೆ ನಿಂತಿದ್ದ. ನಾನೇ ಹುರುಳಿ ಹರಡಿದ್ದು, ನಾನೇ ಕೈಬೀಸಿದ್ದು, ಅವನು ಕುಡಿದಿರಲಿಲ್ಲ ಎಂದು ಹೇಳಿ ಕೆಳಗೆ ಹೆಸರು ಬರೆದೆ. ರಾಚಪ್ಪ ಒಂದು ದಿನ ವಾರ್ಡಿನ ಬಾಗಿಲವರೆಗೆ ಬಂದ, ಒಳಗೆ ಬರಲಿಲ್ಲ. "ಕಾಲ್ ಐತಾ?" ಅಂದ. ಹಲ್ಲಿಲ್ಲದ್ದಕ್ಕೆ ಮಾತು ಸೋರುತ್ತಿತ್ತು. ಐತೆ ಅಂದೆ. ತಲೆಯಾಡಿಸಿ ಹೋದ. ನಾನು ಇನ್ನೂ ಏನಾದರೂ ಹೇಳಬೇಕಿತ್ತು. ಹೇಳಲಿಲ್ಲ.

ಕಾಲು ಉಳಿಯಿತು, ಆದರೆ ಪಾದ ಜೋತುಬಿದ್ದಿತ್ತು. ಡಾಕ್ಟ್ರಮ್ಮ ಪ್ರತಿ ಸಲವೂ ಅವಳ ಪಾದದ ಮುಂದೆ ಅಂಗೈ ಹಿಡಿದು, "ಒದಿ ನೋಡೋಣ. ನನ್ನ ಮೇಲೆ ಸಿಟ್ಟಿಲ್ವಾ? ಒದಿ," ಅನ್ನುತ್ತಿದ್ದರು. ಅವಳು ಮುಖ ತಿರುಗಿಸುತ್ತಿದ್ದಳು. ನರ ಸತ್ತಿದ್ದರೆ ಪಾದ ಹೀಗೇ ಉಳಿಯುತ್ತದೆ, ಬದುಕಿದ್ದರೆ ಒಂದು ದಿನ ಒದೆಯುತ್ತಾಳೆ, ದಿನಾ ಎಣ್ಣೆ ಹಚ್ಚಿ ತಿಕ್ಕಿ ಎಂದರು. ಚೆಂಡು ಕೊಟ್ಟೆವು, ದಿಂಬು ಕೊಟ್ಟೆವು. ಕಾಲನ್ನು ಎಳೆದುಕೊಂಡು ನಡೆದಳೇ ಹೊರತು ಒದೆಯಲಿಲ್ಲ. ಮನೆಯಲ್ಲಿ ಮಹದೇವ ನನ್ನ ಜೊತೆ ಮಾತು ಬಿಟ್ಟಿದ್ದ. ತಟ್ಟೆ ಇಡುತ್ತಿದ್ದಳು ಸವಿತ, ಉಣ್ಣುತ್ತಿದ್ದೆ. ಕಾಲು ತಿಕ್ಕುವ ಕೆಲಸ ಮಾತ್ರ ಯಾರೂ ನನ್ನಿಂದ ಕಿತ್ತುಕೊಳ್ಳಲಿಲ್ಲ.

ಯುಗಾದಿ ಕಳೆದ ಮೇಲೆ ಒಂದು ಬೆಳಗ್ಗೆ ಜಗಲಿಯ ಮೇಲೆ ಅವಳ ಕಾಲು ನನ್ನ ತೊಡೆಯ ಮೇಲೆ ಇಟ್ಟುಕೊಂಡು ತಿಕ್ಕುತ್ತಿದ್ದೆ. ಸ್ಕೂಲಿನಲ್ಲಿ ಯಾರೋ ಆಡಿಕೊಂಡಿದ್ದರು.

"ಅಜ್ಜಿ, ನನ್ ಕಾಲೊಳಗೆ ಬಟ್ಟೆ ತುರ್ಕಿದ್ದು ನೀನಾ?"

"ಊಂ ಕಣವ್ವ. ನಾನೇ."

"ಆಟೋ ಕರ್ದಿದ್ದೂ ನೀನಾ?"

"ನಾನೇ."

ಅವಳು ಕಾಲನ್ನು ಹಿಂದಕ್ಕೆ ಎಳೆದುಕೊಂಡಳು. ನಾನು ಮುಂದಕ್ಕೆ ಬಾಗಿದೆ, ಎಣ್ಣೆಯ ಬಟ್ಟಲು ಬೀಳುತ್ತದೆ ಎಂದು. ಅಷ್ಟರಲ್ಲಿ ಆ ಕಾಲೇ ಬಂದು ನನ್ನ ಎದೆಯ ಮೇಲೆ, ಹೆಗಲ ಎಲುಬಿನ ಕೆಳಗೆ ಬಡಿಯಿತು. ಪಾದ ನೆಟ್ಟಗಿತ್ತು. ಹಿಮ್ಮಡಿ ಮುಂದಿತ್ತು. ನಾನು ಹಿಂದಕ್ಕೆ ಬಿದ್ದು ತಲೆ ಕಂಬಕ್ಕೆ ಹೊಡೆಯಿತು. ಉಸಿರು ಕಟ್ಟಿತು.

ಒಳಗಿಂದ ಮಹದೇವ ಓಡಿ ಬಂದ. ನನ್ನನ್ನು ನೋಡಿದ, ಅವಳ ಕಾಲು ನೋಡಿದ.

"ಯಾವ್ ಕಾಲಲ್ಲಿ ಒದ್ದೆ?" ಅಂದ.

ಮೋನಿಷ ಹೆದರಿ ಬಲಗಾಲು ಮುಚ್ಚಿಕೊಂಡಳು.

ನಾಲ್ಕು ತಿಂಗಳಾದ ಮೇಲೆ ಅವನು ನನ್ನ ಜೊತೆ ಮಾತಾಡಿದ. "ನೋವಾಯ್ತಾ, ಅವ್ವ?"

"ಆಯ್ತು ಕಣ್ಲಾ," ಅಂದೆ. "ಚೆನ್ನಾಗಿ ಆಯ್ತು."

ಎದೆಯ ಮೇಲೆ ಹಿಮ್ಮಡಿಯ ಅಗಲ ನೀಲಿ ಕಟ್ಟಿತು. ಮುಂದಿನ ಸಲ ಆಸ್ಪತ್ರೆಗೆ ಹೋದಾಗ ರವಿಕೆಯ ಕತ್ತು ಜಗ್ಗಿ ಡಾಕ್ಟ್ರಮ್ಮನಿಗೆ ತೋರಿಸಿದೆ. ಅವರು ಬೆರಳಿನಿಂದ ಒತ್ತಿ ನೋಡಿ, ಮೋನಿಷಳ ಚೀಟಿಯಲ್ಲಿ ಏನೋ ಬರೆದರು. ಆ ನೀಲಿ ಹದಿನೈದು ದಿನ ಇತ್ತು. ಆಮೇಲೆ ಹಳದಿಯಾಯಿತು, ಆಮೇಲೆ ಹೋಯಿತು. ಇನ್ನೂ ಸ್ವಲ್ಪ ದಿನ ಇರಬೇಕಿತ್ತು.